ಚಿಟ್ಟಿ ಯೋಚಿಸುವುದನ್ನು ಯಾಕೆ ಬಿಟ್ಟ? '2.0' ಬಗ್ಗೆ ಮತ್ತೊಂದು ಸಲ

ಕೋಟೆ ಹಿಂದಿನ ಮನೆ (ಕಲಬುರಗಿ)

ಮೊನ್ನೆ ಭಾನುವಾರ ಟೀವಿಯಲ್ಲಿ ಶಂಕರ್ ನಿರ್ದೇಶನದ ರಜನೀಕಾಂತ್ ಚಿತ್ರ '2.0' ಬಂತು. ಚಿಟ್ಟಿ ಎಂಬ ರೋಬೋ ಕತೆಯ ಎರಡನೆಯ ಭಾಗ ಅದು. ಮಗಳ ಜೊತೆ ಕೂತು ಪೂರ್ತಿ ನೋಡಿದೆ. 2018ರ ನವೆಂಬರ್ 29ಕ್ಕೆ ಬಿಡುಗಡೆಯಾದಾಗ ಮೊದಲ ದಿನವೇ ನೋಡಿದ್ದೆ. ಆಗ ಆದ ಬೇಸರ ಈಗಲೂ ಹಾಗೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

2010ರಲ್ಲಿ ಮೊದಲ ಭಾಗ ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ಆಗ ಬೇರೆ ಭಾಷೆಯ ಚಿತ್ರ ಕನ್ನಡಕ್ಕೆ ಡಬ್ ಆಗಿ ಥಿಯೇಟರಿಗೆ ಬರುತ್ತಿರಲಿಲ್ಲ. ತಮಿಳಿನ 'ಎಂದಿರನ್' ನಮ್ಮ ಕಡೆಯ ಕೆಲವರಿಗೆ ತೆಲುಗಿನ 'ರೋಬೋ', ಇನ್ನು ಕೆಲವರಿಗೆ ಹಿಂದಿಯ 'ರೋಬೋಟ್'. ನಾನು ಎರಡನ್ನೂ ನೋಡಿದೆ. ಕ್ಲಾಸಿನಲ್ಲಿ ವಾರಗಟ್ಟಲೆ ಅದೇ ಮಾತು. 'ಸ್ಪೀಡ್ 1 ಟೆರಾಹರ್ಟ್ಸ್, ಮೆಮೊರಿ 1 ಝೆಟಾಬೈಟ್' ಎಂದು ಚಿಟ್ಟಿ ಹೇಳುವುದನ್ನು ಎಲ್ಲರೂ ಬಾಯಿಪಾಠ ಮಾಡಿದ್ದೆವು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಹೊಡೆದಾಟ ಅಲ್ಲ. ಕೊನೆಯ ದೃಶ್ಯ. 2030ನೇ ಇಸವಿ, ಒಂದು ಮ್ಯೂಸಿಯಂ. ಬಿಚ್ಚಿಟ್ಟ ಚಿಟ್ಟಿಯನ್ನು ಶಾಲೆಯ ಮಕ್ಕಳು ನೋಡಲು ಬರುತ್ತಾರೆ. ಇಷ್ಟು ಒಳ್ಳೆಯ ರೋಬೋವನ್ನು ಯಾಕೆ ಬಿಚ್ಚಿಟ್ಟರು ಎಂದು ಒಂದು ಹುಡುಗಿ ಕೇಳುತ್ತಾಳೆ. ತಾನು ಯೋಚಿಸಲು ಶುರು ಮಾಡಿದೆ ಎಂದು ಚಿಟ್ಟಿ ಉತ್ತರ ಕೊಡುತ್ತದೆ. ಅಷ್ಟೇ. ಆ ಒಂದು ಮಾತಿಗೆ ಇಡೀ ಚಿತ್ರದ ತೂಕ ಇತ್ತು.

ಎರಡನೆಯ ಭಾಗ ಅಲ್ಲಿಂದ ಮುಂದೆ ಹೋಗಬೇಕಿತ್ತು ಅಲ್ವಾ? ಯೋಚಿಸಿದ ತಪ್ಪಿಗೆ ತನ್ನನ್ನೇ ಬಿಚ್ಚಿಕೊಂಡ ಯಂತ್ರವನ್ನು ಮತ್ತೆ ಜೋಡಿಸುತ್ತಾರೆ. ಅದಕ್ಕೆ ಏನನ್ನಿಸಬೇಕು? ಸಿಟ್ಟು? ಭಯ? ತನ್ನನ್ನು ಬೇಕಾದಾಗ ಎಬ್ಬಿಸಿ, ಬೇಡವಾದಾಗ ಮಲಗಿಸುವ ಮನುಷ್ಯರ ಬಗ್ಗೆ ಒಂದು ಪ್ರಶ್ನೆ? ಏನೂ ಇಲ್ಲ. ಎದ್ದ ಕೂಡಲೇ ಕೆಲಸಕ್ಕೆ ಹಾಜರು. ಪಟಾಕಿ ಹೊಡೆಯಲು ತಂದ ಕಡ್ಡಿಪೆಟ್ಟಿಗೆಯ ಹಾಗೆ ಚಿಟ್ಟಿಯನ್ನು ಬಳಸಿದರು. ನನಗೆ ಇದು ಅನ್ಯಾಯ ಅನಿಸುತ್ತದೆ.

ನೀವೇನು ಹೇಳುತ್ತೀರಿ?

ಪರಸಿಕಲ್ಲು (ಶಹಾಬಾದ್)

ಅಣ್ಣಾ, ಪೂರ್ತಿ ಒಪ್ಪಲ್ಲ. '2.0' ನೋಡಬೇಕಾದದ್ದು 3ಡಿಯಲ್ಲಿ. ಟೀವಿಯಲ್ಲಿ ನೋಡಿ ಬೈಯುವುದು ಸರಿಯಲ್ಲ. ಜನರ ಕೈಯಿಂದ ಮೊಬೈಲ್‌ಗಳು ಹಾರಿಹೋಗುವ ದೃಶ್ಯ, ರಸ್ತೆ ತುಂಬ ಮೊಬೈಲ್ ಹರಿದುಬರುವ ದೃಶ್ಯ, ಅವೆಲ್ಲ ಸೇರಿ ದೊಡ್ಡ ಹಕ್ಕಿ ಆಗುವುದು. ನಾನು ಹೈದರಾಬಾದಿಗೆ ಹೋಗಿ ನೋಡಿ ಬಂದೆ. ಪಕ್ಕದಲ್ಲಿ ಕೂತ ಮಗು ಕೈ ಚಾಚಿ ಮೊಬೈಲ್ ಹಿಡಿಯಲು ನೋಡುತ್ತಿತ್ತು. ಕೊನೆಯ ಸ್ಟೇಡಿಯಂ ಹೊಡೆದಾಟಕ್ಕೆ ಸಮನಾದದ್ದು ನಮ್ಮ ದೇಶದಲ್ಲಿ ಬಂದಿಲ್ಲ. ಅದೂ ಅಲ್ಲದೆ 3ಡಿಯಲ್ಲೇ ಚಿತ್ರೀಕರಿಸಿದ ಇಂಡಿಯಾದ ಮೊದಲ ಚಿತ್ರ ಇದು.

ಬೀದರ್ ಬಾವಿ

ತಮ್ಮಾ, ಮೊದಲ ಚಿತ್ರ ಅಲ್ಲ. 1984ರಲ್ಲೇ ಮಲಯಾಳಂನಲ್ಲಿ 'ಮೈ ಡಿಯರ್ ಕುಟ್ಟಿಚಾತನ್' ಬಂದಿತ್ತು. ಮಕ್ಕಳ ಚಿತ್ರ. ಹಿಂದಿಯಲ್ಲೂ ಬಂತು. ನಮ್ಮ ಕಾಲದವರು 3ಡಿ ಕನ್ನಡಕ ಅಂದರೆ ಅದನ್ನೇ ನೆನೆಯುತ್ತಾರೆ.

ಆದರೂ '2.0' ಪರವಾಗಿ ಒಂದು ಮಾತು. ಆ ಚಿತ್ರ ಬಂದಾಗ ರಜನಿಗೆ 68 ತುಂಬಲು ಎರಡೇ ವಾರ ಇತ್ತು. ಆ ವಯಸ್ಸಿನಲ್ಲಿ ಚಿಟ್ಟಿಯನ್ನು ಮಾಡಿದ ವಿಜ್ಞಾನಿ ವಸೀಗರನ್, ಚಿಟ್ಟಿ, ಕೆಟ್ಟ ಚಿಟ್ಟಿ, ಕೊನೆಗೆ ಬೆರಳುದ್ದದ ರೋಬೋ ಕುಟ್ಟಿ, ಎಲ್ಲವನ್ನೂ ಬೇರೆ ಬೇರೆ ನಡಿಗೆಯಲ್ಲಿ ಮಾಡಿದ್ದಾರೆ. ಕೆಂಪು ಚಿಪ್ ಹಾಕಿಕೊಂಡು ಎದ್ದು ನಿಂತಾಗ ಟಾಕೀಸಿನಲ್ಲಿ ಎಷ್ಟು ಕೂಗಿದೆವು ಅಂದರೆ ಮಾತು ಕೇಳಲೇ ಇಲ್ಲ.

ಕೋಟೆ ಹಿಂದಿನ ಮನೆ

ಬಾವಿ ಅಣ್ಣಾ, ನಾನೂ ಕೂಗಿದ್ದೆ. ಮನೆಗೆ ಬಂದ ಮೇಲೆ ಕಸಿವಿಸಿ ಆಯಿತು. ಮೊದಲ ಭಾಗದಲ್ಲಿ ಆ ಕೆಂಪು ಚಿಪ್ ಅಂದರೆ ಕೆಟ್ಟ ವಿಜ್ಞಾನಿ ಬೋರಾ ಹಾಕಿದ ವಿಷ. ಅದರಿಂದಲೇ ಚಿಟ್ಟಿ ಕೊಲೆಗಾರ ಆದ. ಅದರಿಂದಲೇ ಅವನನ್ನು ಬಿಚ್ಚಬೇಕಾಯಿತು. ಎರಡನೆಯ ಭಾಗದಲ್ಲಿ ವಸೀಗರನ್‌ನ ಹೊಸ ರೋಬೋ ನಿಲಾ ಅದೇ ಚಿಪ್ಪನ್ನು ಹಾಕುತ್ತಾಳೆ. ಅದರ ಬೆಲೆ ಯಾರೂ ಕಟ್ಟುವುದಿಲ್ಲ. ಮೊದಲ ಚಿತ್ರ ಮೂರು ತಾಸು ಹೇಳಿದ ಎಚ್ಚರಿಕೆಯನ್ನು ಇದು ಒಂದು ಚಪ್ಪಾಳೆಗೆ ಮಾರಿತು.

ವಸೀಗರನ್ ಪ್ರೀತಿಸುವ ಸನಾ ವಿಷಯವೂ ಅಷ್ಟೇ. ಚಿಟ್ಟಿಗೆ ಪ್ರೀತಿ ಹುಟ್ಟಿದ್ದು ಅವಳ ಮೇಲೆ. ಇಲ್ಲಿ ಅವಳು ಫೋನಿನಲ್ಲಿ ಬರೀ ದನಿ. ಚಿಟ್ಟಿ ಅವಳ ಹೆಸರನ್ನಾದರೂ ಕೇಳಿ ಒಂದು ಗಳಿಗೆ ಸುಮ್ನೆ ನಿಲ್ಲಬೇಕಿತ್ತು. ಹಳೆಯ ವಿಜ್ಞಾನಿ ಬೋರಾಗೆ ಒಬ್ಬ ಮಗ ಇದ್ದಾನೆ ಅಂದರು. ಅವನ ಕೆಲಸ ಏನು? ಸತ್ತ ಮೇಲೆ ಮೊಬೈಲ್‌ಗಳ ಮೂಲಕ ಸೇಡು ತೀರಿಸಿಕೊಳ್ಳಲು ಬಂದ ಹಕ್ಕಿಪ್ರೇಮಿ ಪಕ್ಷಿರಾಜನನ್ನು ಕಟ್ಟಿಹಾಕಿದ್ದರಲ್ಲ, ಅವನನ್ನು ಬಿಡಿಸುವುದು, ಅಷ್ಟೇ.

ಲ್ಯಾಬ್ ಕೋಣೆ (ಕಲಬುರಗಿ)

ಮೊದಲ ಭಾಗದ ಬಲ ಎಲ್ಲಿಂದ ಬಂತು ಎಂದು ನೋಡಿದರೆ ಎರಡನೆಯದು ಯಾಕೆ ಸೊರಗಿತು ಎಂದು ತಿಳಿಯುತ್ತದೆ.

'ಎಂದಿರನ್' ಬರವಣಿಗೆಯಲ್ಲಿ ಸುಜಾತ ಇದ್ದರು. ಇದು ಅವರ ಲೇಖನಿ ಹೆಸರು, ನಿಜವಾದ ಹೆಸರು ರಂಗರಾಜನ್. ವರ್ಷಗಟ್ಟಲೆ ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ (ಭಾರತ್ ಎಲೆಕ್ಟ್ರಾನಿಕ್ಸ್) ಎಂಜಿನಿಯರ್ ಆಗಿದ್ದವರು. ನಾವು ಬಟನ್ ಒತ್ತಿ ಮತ ಹಾಕುತ್ತೇವಲ್ಲ, ಆ ಮತಯಂತ್ರ ರೂಪಿಸುವ ಕೆಲಸದಲ್ಲಿ ಮುಂದೆ ನಿಂತವರು. ಹಗಲು ಸರ್ಕ್ಯೂಟ್, ರಾತ್ರಿ ಕತೆ. ಅವರ ಒಂದು ಕಾದಂಬರಿಯಲ್ಲಿ ಯೋಚಿಸುವ ರೋಬೋ ನಾಯಿ ಇದೆ. ಯಂತ್ರ ಏನು ಮಾಡಬಲ್ಲದು, ಎಲ್ಲಿ ತಪ್ಪುತ್ತದೆ ಎಂಬುದು ಅವರಿಗೆ ಕೈಯಾರೆ ಗೊತ್ತಿತ್ತು.

ಬೆಂಕಿ ಬಿದ್ದ ಮನೆಯ ದೃಶ್ಯ ನೆನಪಿಸಿಕೊಳ್ಳಿ. ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಚಿಟ್ಟಿ ಹಾಗೇ ಎತ್ತಿಕೊಂಡು ಬರುತ್ತದೆ. ಜೀವ ಉಳಿಸಿದೆ ಎಂದುಕೊಳ್ಳುತ್ತದೆ. ಎದುರಿಗೆ ಕ್ಯಾಮೆರಾಗಳು. ಅವಳು ನಾಚಿಕೆಯಿಂದ ಓಡಿ ಲಾರಿಗೆ ಸಿಕ್ಕಿ ಸಾಯುತ್ತಾಳೆ. ಯಂತ್ರಕ್ಕೆ ಕೊಟ್ಟ ಆಜ್ಞೆ ಸರಿ, ಯಂತ್ರ ಮಾಡಿದ ಕೆಲಸವೂ ಸರಿ, ಆದರೂ ಒಂದು ಜೀವ ಹೋಯಿತು. ಇವತ್ತು ಕೃತಕ ಬುದ್ಧಿಮತ್ತೆ ಬಗ್ಗೆ ನಾನು ವಿದ್ಯಾರ್ಥಿಗಳಿಗೆ ಹೇಳುವಾಗ ಈ ದೃಶ್ಯದಿಂದಲೇ ಶುರು ಮಾಡುತ್ತೇನೆ. ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ.

ಸುಜಾತ 2008ರ ಫೆಬ್ರವರಿಯಲ್ಲಿ ತೀರಿಕೊಂಡರು. '2.0'ಗೆ ಶಂಕರ್ ಜೊತೆ ಮಾತು ಬರೆದವರು ಜಯಮೋಹನ್. ದೊಡ್ಡ ಲೇಖಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಒಂದೇ ಒಂದು ದೃಶ್ಯ ಈ ಚಿತ್ರದಲ್ಲಿ ಇಲ್ಲ.

ಇನ್ನು 'ಆರಾ', ಅಂದರೆ ಜೀವಿಗಳ ಮೈ ಸುತ್ತ ಇದೆ ಎನ್ನುವ ಪ್ರಭೆಯ ವಿಷಯ. ಸತ್ತವನ ಶಕ್ತಿ ಹಕ್ಕಿಗಳ ಶಕ್ತಿ ಜೊತೆ ಸೇರಿ ಮೊಬೈಲ್‌ಗಳನ್ನು ಎಳೆಯುತ್ತದಂತೆ. ಕತೆಗೆ ಒಪ್ಪಿಕೊಳ್ಳೋಣ. ಆದರೆ ಅದನ್ನು ಲ್ಯಾಬಿನಲ್ಲಿ ನಿಂತು ವಿಜ್ಞಾನ ಎಂದು ವಿವರಿಸಬಾರದು. ಆರಾ ಎಂದು ಜನ ತೋರಿಸುವ ಕಿರ್ಲಿಯನ್ ಫೋಟೋಗಳಿವೆ. ಅವುಗಳಲ್ಲಿ ಕಾಣುವುದು ಹೆಚ್ಚು ವೋಲ್ಟೇಜ್ ಕೊಟ್ಟಾಗ ವಸ್ತುವಿನ ಸುತ್ತ ಆಗುವ ವಿದ್ಯುತ್ ಮಿಂಚು. ಬೆರಳಿನ ಬೆವರು ಜಾಸ್ತಿಯಾದರೆ ಆ ಚಿತ್ರವೂ ಬದಲಾಗುತ್ತದೆ. ನಾಣ್ಯ ಇಟ್ಟರೂ ಬರುತ್ತದೆ.

ಬೋನಾಳ ಕೆರೆ (ಸುರಪುರ)

ಎಲ್ಲರೂ ಚಿಟ್ಟಿ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಆ ಚಿತ್ರ ನೋಡಿ ಅತ್ತದ್ದು ಪಕ್ಷಿರಾಜನಿಗಾಗಿ.

ಹುಟ್ಟಿದಾಗ ಸತ್ತಿದೆ ಎಂದುಕೊಂಡ ಮಗುವಿನ ಹತ್ತಿರ ಒಂದು ಗುಬ್ಬಿ ಬರುತ್ತದೆ. ಮಗು ಉಳಿಯುತ್ತದೆ. ಆ ಮಗು ಮುದುಕನಾಗುವವರೆಗೆ ಹಕ್ಕಿಗಳ ಋಣ ತೀರಿಸುತ್ತದೆ. ಮೊಬೈಲ್ ಟವರ್ ವಿಕಿರಣದಿಂದ ಹಕ್ಕಿ ಸಾಯುತ್ತಿವೆ ಎಂದು ಕಚೇರಿ, ಕೋರ್ಟು, ಮಂತ್ರಿ, ಕಂಪನಿ, ಎಲ್ಲ ಕಡೆ ಅಲೆದು ಸೋತು ಕೊನೆಗೆ ಟವರಿಗೇ ನೇಣು ಹಾಕಿಕೊಳ್ಳುತ್ತದೆ. ಅಕ್ಷಯ್ ಕುಮಾರ್ ಅಷ್ಟು ಮೇಕಪ್ಪಿನ ಒಳಗೂ ಕಣ್ಣಲ್ಲೇ ಎಲ್ಲ ಹೇಳಿದ್ದಾರೆ. ನನಗೆ ಆ ಇಪ್ಪತ್ತು ನಿಮಿಷ ಸಾಕು. ಉಳಿದದ್ದು ಬೇಡವೇ ಬೇಡ.

ಚಳಿಗಾಲದಲ್ಲಿ ನಾನು ಬೋನಾಳ ಕೆರೆಗೆ ಹೋಗುತ್ತೇನೆ. ಪಟ್ಟೆ ತಲೆಯ ಬಾತುಗಳು ಹಿಮಾಲಯ ದಾಟಿ ಬಂದು ನಮ್ಮ ಕೆರೆಯಲ್ಲಿ ಇಳಿಯುತ್ತವೆ. ಅವುಗಳನ್ನು ನೋಡಿದವರು ಆ ಮುದುಕನ ಸಂಕಟವನ್ನು ಸುಳ್ಳು ಅನ್ನುವುದಿಲ್ಲ. ಒಂದು ದೊಡ್ಡ ಚಿತ್ರ ಹಕ್ಕಿಗಾಗಿ ಅತ್ತಿತು. ಅದೇ ದೊಡ್ಡದು.

ಟವರ್ ಕೆಲಸ (ಸೇಡಂ ರಸ್ತೆ)

ನಾನು ಟವರ್ ಹತ್ತುವವನು. ಹತ್ತು ವರ್ಷದ ಮೇಲಾಯಿತು. ಆ ಚಿತ್ರ ಬಂದ ಮೇಲೆ ಹಳ್ಳಿಗೆ ಹೋದರೆ ಮಕ್ಕಳು 'ಹಕ್ಕಿ ಸಾಯಿಸುವವರು ಬಂದರು' ಅಂದಿದ್ದಾರೆ. ಮನಸ್ಸಿಗೆ ನೋವಾಗಿದೆ.

ಟವರ್ ಮೇಲೆ ಕಾಗೆ ಗೂಡು ಕಟ್ಟುತ್ತದೆ, ಹದ್ದು ಕಟ್ಟುತ್ತದೆ. ಮರಿ ಇದ್ದರೆ ನಾವು ಆ ಕಡೆ ಹೋಗುವುದನ್ನು ಮುಂದಕ್ಕೆ ಹಾಕುತ್ತೇವೆ. ಇಲ್ಲದಿದ್ದರೆ ತಾಯಿ ತಲೆಗೆ ಕುಕ್ಕುತ್ತದೆ. ಮರಿ ಬೆಳೆದು ಹಾರಿ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ.

ಬೋನಾಳ ಕೆರೆ

ಅಣ್ಣಾ, ನಿಮಗೆ ಹಾಗೆ ಅಂದದ್ದು ತಪ್ಪು. ಆದರೆ ಗೂಡು ಕಟ್ಟಿದೆ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲೂ ಅಲ್ಲ ಅಲ್ವಾ? ಊರಲ್ಲಿ ಎತ್ತರದ ಮರ ಇಲ್ಲ. ಅವು ಎಲ್ಲಿಗೆ ಹೋಗಬೇಕು?

ಲ್ಯಾಬ್ ಕೋಣೆ

ಅಕ್ಕನ ಮಾತು ಸರಿ. ಗೂಡೊಂದೇ ಪುರಾವೆ ಅಲ್ಲ. ಹಾಗಾದರೆ ಪುರಾವೆ ಏನಿದೆ ನೋಡೋಣ.

ದೇಶದ ಹಕ್ಕಿಗಳ ಸ್ಥಿತಿ ಕುರಿತ ವರದಿ 2020ರಲ್ಲಿ ಬಂತು. ಸಾವಿರಾರು ಹಕ್ಕಿ ವೀಕ್ಷಕರು ಕೊಟ್ಟ ಮಾಹಿತಿಯಿಂದ ಮಾಡಿದ್ದು. ಅದರ ಪ್ರಕಾರ ಗುಬ್ಬಿಯ ಸಂಖ್ಯೆ ಒಟ್ಟು ದೇಶದಲ್ಲಿ 25 ವರ್ಷಗಳಿಂದ ಹೆಚ್ಚುಕಮ್ಮಿ ಒಂದೇ ತೆರನಾಗಿದೆ. ಬೆಂಗಳೂರು, ಚೆನ್ನೈ, ಹೈದರಾಬಾದಿನಂಥ ದೊಡ್ಡ ನಗರಗಳಲ್ಲಿ ಮಾತ್ರ ಕಡಿಮೆಯಾಗಿದೆ. ಟವರ್ ವಿಕಿರಣವೇ ಕಾರಣ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಹುಳು ಕಡಿಮೆಯಾಗಿದ್ದು, ಗೂಡಿಗೆ ಜಾಗ ಇಲ್ಲದ್ದು, ಇವೇ ಕಾರಣ ಇರಬಹುದು ಎಂದು ವರದಿ ಹೇಳುತ್ತದೆ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. 2014ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಮಾಡಿದ ಒಂದು ಅಧ್ಯಯನ ಇದೆ. ರಾಬಿನ್ ಎಂಬ ಪುಟ್ಟ ಹಕ್ಕಿ ಭೂಮಿಯ ಕಾಂತಕ್ಷೇತ್ರ ಹಿಡಿದು ದಿಕ್ಕು ನೋಡುತ್ತದೆ. ನಗರದ ವಿದ್ಯುತ್ಕಾಂತೀಯ ಗದ್ದಲದಲ್ಲಿ ಅದಕ್ಕೆ ದಿಕ್ಕು ತಪ್ಪುತ್ತದೆ ಎಂದು ಆ ವಿಜ್ಞಾನಿಗಳು ತೋರಿಸಿದರು. ಆದರೆ ಆ ಗದ್ದಲ ಇದ್ದದ್ದು 50 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್ ಒಳಗೆ. ಹಳೆಯ ಎಎಂ ರೇಡಿಯೋದ ಪಟ್ಟಿ ಅದು. ಮೊಬೈಲ್ ಕೆಲಸ ಮಾಡುವುದು ನೂರಾರು, ಸಾವಿರಾರು ಮೆಗಾಹರ್ಟ್ಸ್‌ನಲ್ಲಿ.

ನನ್ನ ಸಿಟ್ಟು ಇಲ್ಲೇ. ನಿಜವಾದ ವಿಜ್ಞಾನದಲ್ಲೇ ಇಷ್ಟು ಒಳ್ಳೆಯ ಕತೆ ಇತ್ತು. ಕಾಣದ ದಿಕ್ಸೂಚಿ ಇಟ್ಟುಕೊಂಡ ಒಂದು ಪುಟ್ಟ ಹಕ್ಕಿ. ಅದನ್ನು ಬಿಟ್ಟು ಆರಾ ಹಿಡಿದುಕೊಂಡರು.

ಪರಸಿಕಲ್ಲು

ಸರ್, ಸಿನಿಮಾ ಪಾಠ ಅಲ್ಲವಲ್ಲ. ಮೊದಲ ಭಾಗದಲ್ಲೂ ಚಿಟ್ಟಿ ಸೊಳ್ಳೆ ಜೊತೆ ಮಾತಾಡಿತ್ತು. ಆಗ ಯಾರೂ ಪುರಾವೆ ಕೇಳಲಿಲ್ಲ. ಈಗ ಯಾಕೆ ಗುಬ್ಬಿಗೆ ಪುರಾವೆ?

ಲ್ಯಾಬ್ ಕೋಣೆ

ಒಳ್ಳೆಯ ಪ್ರಶ್ನೆ. ಸೊಳ್ಳೆ ದೃಶ್ಯ ನೋಡಿ ಯಾರೂ ಮನೆಗೆ ಹೋಗಿ ಸೊಳ್ಳೆ ಜೊತೆ ಮಾತಾಡಲಿಲ್ಲ. ಪಕ್ಷಿರಾಜನ ಮಾತು ಕೇಳಿದವರು ಟವರ್ ಕಡೆ ಬೆರಳು ತೋರಿಸಿದರು. ಮೇಲೆ ಬರೆದ ಅಣ್ಣನಿಗೆ ಮಕ್ಕಳು ಏನಂದರು ನೋಡಿದಿರಲ್ಲ. ಬೆರಳು ಒಂದು ಕಡೆ ಹೋದರೆ ಕಣ್ಣೂ ಅಲ್ಲೇ ಹೋಗುತ್ತದೆ. ನಿಜವಾಗಿ ಹಕ್ಕಿ ಸಾಯುತ್ತಿರುವ ಜಾಗ ಕಾಣದೇ ಹೋಗುತ್ತದೆ. ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ನೋಡಿ. ರಾಜಸ್ಥಾನದಲ್ಲಿ ಅವು ವಿದ್ಯುತ್ ತಂತಿಗೆ ಬಡಿದು ಸಾಯುತ್ತಿವೆ. ಸುಪ್ರೀಂ ಕೋರ್ಟ್ 2021ರಲ್ಲಿ ತಂತಿ ನೆಲದೊಳಗೆ ಹಾಕುವ ಬಗ್ಗೆ ಆದೇಶ ಕೊಡಬೇಕಾಯಿತು. ಅದು ಕಣ್ಣಿಗೆ ಕಾಣುವ ತಂತಿ. ಕಾಣದ ಅಲೆ ಅಲ್ಲ.

ತೊಗರಿ ಹೊಲ (ಆಳಂದ ತಾಲೂಕು)

ಎಲ್ಲವನ್ನೂ ಓದಿದೆ. ನಾನು ಸಿನಿಮಾ ಕಡಿಮೆ ನೋಡುತ್ತೇನೆ. ಆದರೆ ಇದನ್ನು ನೋಡಿದ್ದೇನೆ, ಮರೆತಿಲ್ಲ.

ಅದು ಬಂದದ್ದು ನವೆಂಬರ್ ಕೊನೆಗೆ. ಆ ಹೊತ್ತಿಗೆ ನಮ್ಮ ಹೊಲದಲ್ಲಿ ತೊಗರಿ ಹೂ ಉದುರಿಸಿ ಕಾಯಿ ಕಟ್ಟುತ್ತಿರುತ್ತದೆ. ಕೀಡಿ ಬೀಳುವ ಕಾಲ. ಕೃಷಿಯವರು ಕಾಯಿಕೊರಕ ಅನ್ನುತ್ತಾರೆ, ನಮಗೆ ಕೀಡಿ. ಒಂದು ಕೀಡಿ ಕಾಯಿಗೆ ತೂತು ಹಾಕಿ ತಲೆ ಒಳಗಿಟ್ಟು ಕಾಳು ತಿನ್ನುತ್ತದೆ, ಮೈ ಹೊರಗೇ ಇರುತ್ತದೆ. ನಮ್ಮಪ್ಪ ಬೆಳಿಗ್ಗೆ ಹೊಲಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದು ಬಂದಿದ್ದ. ಸಂಜೆ ನಾನು ಚಿತ್ರಕ್ಕೆ ಹೋದೆ. ಪಕ್ಷಿರಾಜ ಹಕ್ಕಿಗಳ ಹೆಣ ಆರಿಸುವ ದೃಶ್ಯ ಬಂತು. ನನಗೆ ಟವರ್ ನೆನಪಾಗಲಿಲ್ಲ. ನಮ್ಮ ಪಂಪು ನೆನಪಾಯಿತು.

1997ರ ಹಂಗಾಮು ನಮ್ಮ ಹಿರಿಯರಿಗೆ ಇವತ್ತೂ ನೆನಪಿದೆ. ಕೀಡಿ ಯಾವ ಎಣ್ಣೆಗೂ ಬಗ್ಗಲಿಲ್ಲ. ಸಾಲ ಮಾಡಿ ಹೊಡೆದರು, ಮತ್ತೆ ಹೊಡೆದರು. ಬೆಳೆ ಹೋಯಿತು. ಆಮೇಲೆ ಬೀದರ್, ಕಲಬುರಗಿ ಕಡೆ ಎಷ್ಟು ಮನೆಗಳಲ್ಲಿ ಏನಾಯಿತು ಎಂದು ಇಲ್ಲಿ ಬರೆಯಲು ಮನಸ್ಸಾಗುವುದಿಲ್ಲ. ಹೊಲದಲ್ಲಿ ಹಕ್ಕಿ ಬೇಕು ಎಂಬ ಮಾತು ಆಮೇಲೆ ಜೋರಾಯಿತು.

ಈಗ ನಾವು ಹೊಲದಲ್ಲಿ ಕವಲು ಕೋಲು ನೆಡುತ್ತೇವೆ. ಹಕ್ಕಿ ಕೂರಲಿ ಎಂದು. ಬಿತ್ತುವಾಗ ತೊಗರಿ ಬೀಜದ ಜೊತೆ ಒಂದು ಹಿಡಿ ಜೋಳ ಕಲಸುತ್ತೇವೆ. ಜೋಳದ ತೆನೆ ಮೇಲೆದ್ದು ನಿಂತರೆ ಹಕ್ಕಿ ಅದನ್ನು ತಿನ್ನಲು ಬರುತ್ತದೆ, ಬಂದದ್ದು ಕೀಡಿಯನ್ನೂ ತಿನ್ನುತ್ತದೆ. ಬೆಳಿಗ್ಗೆ ಚುರಮುರಿ ಚೆಲ್ಲಿದರೂ ಬರುತ್ತವೆ. ಕಾಜಾಣ ಕೋಲಿನ ಮೇಲೆ ಕೂತು ಕೆಳಗೆ ನೋಡುತ್ತಿರುತ್ತದೆ. ಗುರಿ ತಪ್ಪುವುದೇ ಇಲ್ಲ. ಗಿಡ ಅಲುಗಾಡಿಸಿ ಕೀಡಿ ಕೆಳಗೆ ಬೀಳಿಸಿದರೆ ಬೆಳ್ಳಕ್ಕಿ ನಮ್ಮ ಕಾಲಿನ ಹತ್ತಿರವೇ ಬಂದು ಹೆಕ್ಕುತ್ತದೆ.

ಅದಕ್ಕೇ ಹೇಳುತ್ತೇನೆ, ಪಕ್ಷಿರಾಜನ ಅರ್ಧ ಮಾತು ನಿಜ. ಹಕ್ಕಿ ಇಲ್ಲದಿದ್ದರೆ ಹುಳು ಬೆಳೆ ತಿನ್ನುತ್ತದೆ. ಇದು ಆ ಚಿತ್ರದಲ್ಲಿ ಇದೆ, ಇದು ನಮ್ಮ ಹೊಲದಲ್ಲೂ ಇದೆ. ಇನ್ನರ್ಧ ಮಾತು, ಯಾರು ಕೊಂದರು ಎಂಬುದು, ಅದು ತಪ್ಪಿದೆ.

ಗುಬ್ಬಿ ಕಡಿಮೆಯಾಗಿದ್ದು ನಮ್ಮ ಮನೆಯಲ್ಲೇ ನೋಡಿದ್ದೇನೆ. ಮಣ್ಣಿನ ಮಾಳಿಗೆ ಇದ್ದಾಗ ಜಂತಿ ಸಂದಿಯಲ್ಲಿ ನಾಲ್ಕು ಗೂಡು. ಅಜ್ಜಿ ಜೋಳ ಹಸನು ಮಾಡುವಾಗ ಮೊರದ ಹತ್ತಿರವೇ ಕೂರುತ್ತಿದ್ದವು. ಆರ್‌ಸಿಸಿ ಹಾಕಿಸಿದ ವರ್ಷ ಗೂಡು ಹೋಯಿತು. ಆಗ ನಮ್ಮೂರಿಗೆ ಟವರ್ ಬಂದೇ ಇರಲಿಲ್ಲ.

ಬೋನಾಳ ಕೆರೆ

ಅಣ್ಣಾ, ಇದನ್ನು ಎರಡು ಸಲ ಓದಿದೆ. ನನ್ನ ಮಾತನ್ನು ಸ್ವಲ್ಪ ಬದಲಿಸುತ್ತೇನೆ. ಆ ಮುದುಕನ ದುಃಖ ನಿಜ. ಅವನ ತೀರ್ಪು ತಪ್ಪು.

ಪಕ್ಷಿರಾಜನಿಗೆ ಪಕ್ಷಿತಜ್ಞ ಸಲೀಂ ಅಲಿಯವರೇ ಮಾದರಿ ಎಂದು ಎಲ್ಲರೂ ಹೇಳಿದರು. ಸಲೀಂ ಅಲಿ 1896ರಿಂದ 1987ರವರೆಗೆ ಬದುಕಿದವರು. ಹುಡುಗನಾಗಿದ್ದಾಗ ಆಟದ ಬಂದೂಕಿನಿಂದ ಒಂದು ಹಕ್ಕಿ ಹೊಡೆದರು. ಹಳದಿ ಕಂಠದ ಗುಬ್ಬಿ. ಅದು ಯಾವುದು ಎಂದು ತಿಳಿಯಲು ಹೋಗಿ ಇಡೀ ಬದುಕು ಹಕ್ಕಿಗೆ ಕೊಟ್ಟರು. ತಾನೇ ಕೊಂದ ಹಕ್ಕಿಯ ಹೆಸರು ಕೇಳಿದ ಹುಡುಗ ಅವರು. ಅವರ ಹಾಗೆ ಕಾಣುವ ಮುದುಕ ಜನರನ್ನು ಕೊಲ್ಲುವುದು ನನಗೆ ಈಗ ಜಾಸ್ತಿ ನೋವು ಕೊಡುತ್ತಿದೆ.

ಬೀದರ್ ಬಾವಿ

ಆದರೆ ಅಕ್ಕಾ, ಕೊನೆಗೆ ವಸೀಗರನ್ ಅವನ ಮಾತಿನಲ್ಲಿ ನ್ಯಾಯ ಇದೆ ಎಂದು ಒಪ್ಪುತ್ತಾನಲ್ಲ. ಚಿತ್ರ ಅವನನ್ನು ಬರೀ ಕೆಟ್ಟವನು ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಅದನ್ನಾದರೂ ಲೆಕ್ಕಕ್ಕೆ ಹಿಡಿಯಿರಿ.

ಕೋಟೆ ಹಿಂದಿನ ಮನೆ

ಹಿಡಿಯುತ್ತೇನೆ ಅಣ್ಣಾ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ನೋಡಿ. ಪಕ್ಷಿರಾಜನನ್ನು ಗೆದ್ದದ್ದು ಹೇಗೆ? ಕುಟ್ಟಿಗಳು ಪಾರಿವಾಳಗಳ ಮೇಲೆ ಕೂತು ಬರುತ್ತವೆ. ಹಕ್ಕಿಗಳನ್ನೇ ಒತ್ತೆ ಇಟ್ಟು ಬೆದರಿಸುತ್ತವೆ. ಹಕ್ಕಿಗಾಗಿ ಸತ್ತವನನ್ನು ಹಕ್ಕಿಯ ಪ್ರಾಣ ತೋರಿಸಿ ಸೋಲಿಸಿದರು! ಟಾಕೀಸಿನಲ್ಲಿ ಎಲ್ಲರೂ ನಕ್ಕರು. ಮೊನ್ನೆ ನನ್ನ ಮಗಳು ನಗಲಿಲ್ಲ. 'ಪಪ್ಪಾ, ಹಾಗಾದರೆ ಕೆಟ್ಟವರು ಯಾರು?' ಎಂದು ಕೇಳಿದಳು. ಅವಳಿಗೆ ಒಂಬತ್ತು ವರ್ಷ.

ಯೋಚಿಸಲು ಶುರು ಮಾಡಿದ ಚಿಟ್ಟಿ ಆ ಹೊತ್ತಿಗೆ ಕೇಳಬೇಕಾಗಿದ್ದ ಪ್ರಶ್ನೆ ಅದೇ. ಅವನಿಗೂ ಒಮ್ಮೆ ಮನುಷ್ಯರು ದ್ರೋಹ ಮಾಡಿದ್ದರು. ಕತ್ತರಿಸಿ ಕಸಕ್ಕೆ ಎಸೆದಿದ್ದರು. ಪಕ್ಷಿರಾಜನ ನೋವು ಇಡೀ ಊರಿನಲ್ಲಿ ಯಾರಿಗಾದರೂ ಅರ್ಥವಾಗುವುದಿದ್ದರೆ ಚಿಟ್ಟಿಗೆ. ಅವರಿಬ್ಬರೂ ಎದುರುಬದುರು ಕೂತು ಐದು ನಿಮಿಷ ಮಾತಾಡುವ ದೃಶ್ಯ ಒಂದು ಇದ್ದಿದ್ದರೆ! ಆ ಐದು ನಿಮಿಷಕ್ಕೆ ಗ್ರಾಫಿಕ್ಸ್ ಖರ್ಚು ಕೂಡ ಬೇಕಿರಲಿಲ್ಲ.

ಪರಸಿಕಲ್ಲು

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣಾ. ಪಾರಿವಾಳದ ದೃಶ್ಯವನ್ನು ನಾನು ಹೀಗೆ ನೋಡಿರಲಿಲ್ಲ.

ಆದರೂ ಸ್ಟೇಡಿಯಂ ದೃಶ್ಯ ನನಗೆ ಇಷ್ಟವೇ. ಅದನ್ನು ಬಿಟ್ಟುಕೊಡಲ್ಲ. ಅದನ್ನು ನೋಡಿಯೇ ನಾನು ಅನಿಮೇಷನ್ ಕಲಿಯಲು ಸೇರಿದ್ದು. ಸಾವಿರಾರು ಮೊಬೈಲ್ ಒಂದೊಂದಾಗಿ ಅಲುಗಾಡಿ ರೆಕ್ಕೆ ಆಗುವುದನ್ನು ಕಂಪ್ಯೂಟರಿನಲ್ಲಿ ಮಾಡಲು ಎಷ್ಟು ಕಷ್ಟ ಎಂದು ಈಗ ಗೊತ್ತು. ಆ ಕೆಲಸ ಮಾಡಿದವರು ಸೋತಿಲ್ಲ. ಕತೆ ಅವರಿಗೆ ಸಾಥ್ ಕೊಡಲಿಲ್ಲ.

ಟವರ್ ಕೆಲಸ

ತಮ್ಮಾ, ನಮ್ಮ ದೇಶದಲ್ಲಿ ಟವರ್ ವಿಕಿರಣಕ್ಕೆ ಇಟ್ಟ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. 2012ರಿಂದ ಹಾಗಿದೆ. ಇದನ್ನೂ ಒಬ್ಬ ಪಾತ್ರದ ಬಾಯಲ್ಲಿ ಹೇಳಿಸಿದ್ದರೆ ಸಾಕಿತ್ತು. ಪಕ್ಷಿರಾಜನ ಮಾತಿಗೆ ಎದುರು ಮಾತು ಆಡುವ ಒಬ್ಬ ಒಳ್ಳೆಯ ಮನುಷ್ಯ ಆ ಚಿತ್ರದಲ್ಲಿ ಇಲ್ಲ. ಟವರ್ ಕಡೆಯವರೆಲ್ಲ ಕಳ್ಳರೇ.

ತೊಗರಿ ಹೊಲ

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಹೊಲದಲ್ಲಿ ಚರಗ ಚೆಲ್ಲುತ್ತೇವೆ. ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಇರುತ್ತದೆ. ಚೆಲ್ಲಿದ್ದನ್ನು ತಿನ್ನಲು ಹಕ್ಕಿ ಬರುತ್ತವೆ. ಇಲ್ಲಿ ಬರೆದವರೆಲ್ಲ ಬನ್ನಿ. ಕೋಟೆ ಅಣ್ಣಾ, ಮಗಳನ್ನು ಕರೆದುಕೊಂಡು ಬರ್ರಿ. ಟವರ್ ಅಣ್ಣನೂ ಬರಬೇಕು. ನಮ್ಮ ಹೊಲದಿಂದ ಒಂದು ಟವರ್ ಕಾಣುತ್ತದೆ, ಅದರ ಮೇಲೆ ಗೂಡೂ ಇದೆ.

ಕೋಟೆ ಹಿಂದಿನ ಮನೆ

ಬರುತ್ತೇವೆ ಅಣ್ಣಾ. ಮಗಳಿಗೆ ಹೇಳಿದೆ. ಕಾಜಾಣ ತೋರಿಸಬೇಕಂತೆ. ನಮ್ಮ ಕಾರಿನಲ್ಲಿ ಇನ್ನೂ ಮೂವರಿಗೆ ಜಾಗ ಇದೆ. ಪರಸಿಕಲ್ಲು ತಮ್ಮಾ, ಬೆಳಿಗ್ಗೆ ಏಳಕ್ಕೆ ಕಲಬುರಗಿ ಬಸ್ ಸ್ಟ್ಯಾಂಡ್ ಮುಂದೆ ನಿಂತಿರು. ದಾರಿಯಲ್ಲಿ ಆ ಸ್ಟೇಡಿಯಂ ದೃಶ್ಯ ಹೇಗೆ ಮಾಡಿದರು ಎಂದು ಹೇಳುವೆಯಂತೆ.